ಪುಣ್ಯತಿಥಿಯ ಕಾಲಂ

ನಾರಾಯಣಗೂಡದ ಅನಾಥಾಲಯದಲ್ಲಿ ದಾನಿಗಳ ರಿಜಿಸ್ಟರ್ ಬರೆಯುತ್ತಿದ್ದವರು ಬೀದರಿನ ಪ್ರಯಾಗಬಾಯಿ. ತಂದೆತಾಯಿಯ ಪುಣ್ಯತಿಥಿಗೆ ಮಕ್ಕಳಿಗೆ ಊಟ ಹಾಕಿಸುವ ದಾನಿಗಳಿಗೆ ವಾರ ಮೊದಲೇ ಫೋನ್ ಮಾಡಿ ನೆನಪಿಸುವುದು ಅವರ ಕೆಲಸ. ಊರಿಗೆಲ್ಲ ಸಾಫ್ಟ್‌ವೇರ್ ಹುಚ್ಚು ಹಿಡಿದ ಕಾಲ; ಕನ್ಸಲ್ಟೆಂಟ್‌ಗಳು ಬಂದು ರಿಜಿಸ್ಟರನ್ನು ಕಂಪ್ಯೂಟರಿಗೆ ತುಂಬಿ ಹೋದರು. ಅದರಲ್ಲಿ ಪುಣ್ಯತಿಥಿಗೆ ಕಾಲಂ ಇರಲಿಲ್ಲ. ಆ ತಾರೀಖುಗಳನ್ನೆಲ್ಲ ಹುಟ್ಟುಹಬ್ಬದ ಕಾಲಂಗೆ ತುರುಕಿದ್ದರು; ಆ ದಿನ ಬಂದರೆ ಕಂಪ್ಯೂಟರ್ ತಾನೇ ದಾನಿಗೆ ಶುಭಾಶಯ ಕಳಿಸುತ್ತಿತ್ತು.

ಒಂದು ಬೆಳಿಗ್ಗೆ ಹಳೆಯ ದಾನಿ ವೈಜನಾಥರ ಫೋನ್ ಬಂತು: “ಬಾಯಾರ, ನಮ್ಮಪ್ಪ ತೀರಿಹೋದ ದಿನ ನನಗ ಹುಟ್ಟುಹಬ್ಬದ ಶುಭಾಶಯ ಕಳಿಸೀರಲ್ರಿ!”

ಪ್ರಯಾಗಬಾಯಿಗೆ ಕೂತಲ್ಲಿ ಕೂರಲಾಗಲಿಲ್ಲ. ಕನ್ಸಲ್ಟೆಂಟ್‌ಗಳಿಗೆ ಫೋನ್ ಮಾಡಿದರೆ, ಕರಾರು ಮುಗಿದಿದೆ, ಮೇಲ್ ಹಾಕಿ ಎಂದರು. ಮೇಲ್‌ಗೆ ಉತ್ತರವಿಲ್ಲ. ಕಾರ್ಯದರ್ಶಿ ಶರಣಕುಮಾರರು ಬೇರೆ ಕಂಪನಿ ಹುಡುಕತೊಡಗಿದರು.

“ಅವರೂ ಹಿಂಗ ಮಾಡಿ ಹೋಗ್ತಾರ್ರಿ. ನಾನ ಕಲೀತೀನಿ,” ಎಂದವರೇ ಪ್ರಯಾಗಬಾಯಿ ಅದೇ ಸಂಜೆ ಓಣಿಯ ಕಂಪ್ಯೂಟರ್ ಕೋಚಿಂಗ್ ಸೆಂಟರ್ ಸೇರಿದರು. ಐವತ್ನಾಲ್ಕನೇ ವಯಸ್ಸಿನಲ್ಲಿ ಮೂರು ತಿಂಗಳು ಚಡಪಡಿಸಿ, ತಮ್ಮನ್ನೇ ಬೈದುಕೊಂಡು, ಕೊನೆಗೆ ಪುಣ್ಯತಿಥಿಯ ಕಾಲಂ ತಾವೇ ಕೂಡಿಸಿದರು.

“ಇನ್ನ ನೀವ ಅದೀರಿ, ಚಿಂತಿ ಇಲ್ಲ ಬಿಡ್ರಿ,” ಎಂದು ಶರಣಕುಮಾರರು ನಿರಾಳರಾದರು.

ಪ್ರಯಾಗಬಾಯಿ ಪಕ್ಕದ ಕುರ್ಚಿ ಎಳೆದರು. “ನಾ ಹೋದ ಮ್ಯಾಲ ಯಾರಿಗೆ ಮೇಲ್ ಹಾಕ್ತೀರಿ? ಕೂಡ್ರಿ.”