ಗೋಡೆಗೆ ಬಡಿದು ಬಂದ ಅಲೆ

ಅದು ಹೊಳೆದದ್ದು ಟಿ. ನರಸೀಪುರದಲ್ಲೋ, ನಂಜನಗೂಡಿಗೆ ಹಿಂತಿರುಗುವ ಬಸ್ಸಿನಲ್ಲೋ, ಖಾತ್ರಿಯಿಲ್ಲ. ತರಗತಿಯಲ್ಲಿ ಹೇಳಿ ಹೇಳಿ ಕಥೆ ನುಣುಪಾಗಿದೆ. ನುಣುಪಾದ ನೆನಪನ್ನು ನಾನು ನಂಬುವುದಿಲ್ಲ.

ಲೇಸರ್ ಬೆಳಕು ಬಡಿದಾಗ ಅಣುವಿನಿಂದ ಎಲೆಕ್ಟ್ರಾನ್ ಹೇಗೆ ಹೊರಬೀಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಇಷ್ಟು ವರ್ಷ ನಾನು ಮಾಡಿಕೊಂಡು ಬಂದ ಕೆಲಸ. ಆ ಸಲ ನನ್ನ ವಿದ್ಯಾರ್ಥಿನಿಯ ಲೆಕ್ಕದ ನಕ್ಷೆಯಲ್ಲಿ, ಅಂದರೆ ಗ್ರಾಫಿನಲ್ಲಿ, ಅದುವರೆಗೆ ಯಾರೂ ಕಾಣದ ಒಂದು ಶಿಖರ ಎದ್ದಿತ್ತು. ನಾನೇ ಉತ್ಸಾಹದಿಂದ ಪ್ರಯೋಗಶಾಲೆಯೊಂದಕ್ಕೆ ತಿಳಿಸಿದೆ. ಮುಂದಿನ ವಾರವೇ ಪ್ರಯೋಗ ಮಾಡಿ ಅದನ್ನು ಅಳೆಯಲು ಅವರು ಸಿದ್ಧರಾದರು. ಆಮೇಲೆ ಅನುಮಾನ ಶುರುವಾಯಿತು. ಶಿಖರ ಸುಳ್ಳಾದರೆ ಅವರ ಶ್ರಮ ಹಾಳು. ಆ ಹುಡುಗಿಯ ಉಳಿದ ಕೆಲಸವನ್ನೂ ಯಾರೂ ನಂಬುವುದಿಲ್ಲ.

ಆ ಭಾನುವಾರ ನರಸೀಪುರದ ಅಕ್ಕನ ಮನೆಗೆ ಹೋಗಿದ್ದೆ. ತೆಂಗಿನ ಸಸಿಗಳಿಗೆ ನೀರೊಯ್ಯಲು ಭಾವ ಮೊಪೆಡ್ಡಿನ ಮುಂದೆ ಅಗಲ ಬಾಯಿಯ ಡ್ರಮ್ ಇಟ್ಟು, ಹಿಂದೆ ನನ್ನನ್ನು ಕೂರಿಸಿಕೊಂಡರು. ಗುಂಡಿ ಸಿಕ್ಕಾಗಲೆಲ್ಲ ನೀರು ಅಂಚಿಗೆ ಬಡಿದು, ಹಿಂದಕ್ಕೆ ಬಂದು ಅವರ ಪಂಚೆ ತೋಯಿಸುತ್ತಿತ್ತು.

“ಇಳಿಲಾ, ಆ ಒಂಗೆಸೊಪ್ಪು ಒಸಿ ಮುರ್ಕಂಡು ಬಾ.”

“ಯಾಕ್ ಭಾವ?”

“ನೀರ್ ಮೇಲ್ ಆಕುದ್ರೆ ತುಳುಕಾಕಿಲ್ಲ. ಲೇಸರ್ ಲೇಸರ್ ಅಂತ ಸಂಬ್ಳ ತಗತೀಯ, ಒಂದಿನಾನಾರ ಅದ್ನ ಮುಟ್ಟಿದ್ದೀಯೇನ್ಲಾ?”

“ಇಲ್ಲ ಭಾವ. ಬರೀ ಲೆಕ್ಕ.”

“ಅಂಗಾರೆ ಒಲೆ ಅಚ್ದೇ ಉಪ್ಪು ನೋಡೋನು ಕಣ್ಲಾ ನೀನು!”

ಸೊಪ್ಪು ಹಾಕಿದ ಮೇಲೆ ಅಲೆ ಅಡಗಿತು. ಕಂಪ್ಯೂಟರಿನೊಳಗಿನ ಜಾಗಕ್ಕೂ ಅಂಚಿದೆ. ನಮ್ಮ ಲೆಕ್ಕದಲ್ಲಿ ಎಲೆಕ್ಟ್ರಾನೂ ಒಂದು ಅಲೆಯೇ; ಹೊರಟ ಆ ಅಲೆ ಅಂಚಿಗೆ ಬಡಿದು ಮರಳದಂತೆ, ಅದನ್ನು ಹೀರುವ ಒಂದು ಪದರ ಇಡುತ್ತೇವೆ. ನಮ್ಮ ಪದರ ತೆಳುವಾಗಿ, ಮರಳಿ ಬಂದ ಅಲೆಯೇ ಶಿಖರವಾಗಿ ಕಂಡಿತ್ತೇ? ತೋಟದಿಂದಲೇ ಹುಡುಗಿಗೆ ಫೋನ್ ಮಾಡಿದೆ ಎಂದು ತರಗತಿಯಲ್ಲಿ ಹೇಳುತ್ತೇನೆ. ಅವಳ ಪ್ರಕಾರ ಫೋನ್ ಬಂದದ್ದು ಬಸ್ಸಿನಿಂದ. ಕಂಡಕ್ಟರ್ “ಸುತ್ತೂರು, ಸುತ್ತೂರು” ಎಂದು ಕೂಗಿದ್ದೂ ಕೇಳಿಸಿತಂತೆ.

ಅವಳು ಪದರವನ್ನು ದಪ್ಪ ಮಾಡಿ ಮತ್ತೆ ಲೆಕ್ಕ ಹಾಕಿದಳು.

“ಸರ್, ಶಿಖರ ಹೋಯ್ತು,” ಎಂದಳು ಮರುದಿನ.

“ಉಳಿದದ್ದು?”

“ಎಲ್ಲ ಹಾಗೇ ಇದೆ ಸರ್, ಒಂಚೂರೂ ಅಲ್ಲಾಡಿಲ್ಲ.”

ಕಂಡುಹಿಡಿದದ್ದನ್ನು ಕಳೆದುಕೊಂಡು ಇಬ್ಬರೂ ಅಷ್ಟು ನಕ್ಕದ್ದು ಅದೇ ಮೊದಲು. ಪ್ರಯೋಗಶಾಲೆಯವರೂ ಬೈಯಲಿಲ್ಲ, ಸದ್ಯ ಮೊದಲೇ ಹೇಳಿದಿರಲ್ಲ ಅಂದರು.

ಮುಂದೊಮ್ಮೆ ಅವರು ಬೇರೆ ಕಾರಣಕ್ಕೆ ಅದೇ ಅಣುವನ್ನು ಅಳೆದರು. ಆ ಅಂಕಿಗಳನ್ನು ತರಿಸಿಕೊಂಡು ನಾನೇ ನಕ್ಷೆ ಎಳೆದು ನೋಡಿದೆ. ನಮ್ಮ ಶಿಖರ ಇರಬೇಕಿದ್ದ ಜಾಗದಲ್ಲಿ ಗೆರೆ ಸಪಾಟಾಗಿದೆ.