ವೈನಿಯ ಎಡಗೈ

ಪದಗಳ ಬೆನ್ನು ಹತ್ತುವುದು ನನ್ನ ಹಳೇ ಚಟ. ವಾಡಿಯ ಶಾಲೆಯಲ್ಲಿ ವಿಜ್ಞಾನ ಹೇಳುವವನು ನಾನು. ಮನೆಗೆ ಬಂದರೂ ಮಾಸ್ತರಿಕೆ ಬಿಡುವವನಲ್ಲ. ಹೋದ ವರ್ಷ ಚಿತ್ತಾಪುರದಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ, ಬಟ್ಟೆ ಹಿಂಡುತ್ತಿದ್ದವರು ಕುಸಿದುಬಿಟ್ಟರು. ಕಲಬುರಗಿಯ ಆಸ್ಪತ್ರೆಯಿಂದ ಮನೆಗೆ ಬಂದಾಗ ಎಡಗೈ ಅಲುಗುತ್ತಿತ್ತು, ಹಿಡಿದದ್ದು ಮಾತ್ರ ಜಾರುತ್ತಿತ್ತು. ಚೀಟಿಯಲ್ಲಿ ಪರೇಸಿಸ್ ಎಂದಿತ್ತು. ಬಲ ಪೂರ್ತಿ ಹೋಗದೆ ಕುಗ್ಗಿ ಉಳಿದರೆ ವೈದ್ಯರು ಬಳಸುವ ಮಾತು ಅದು.

ಅವರ ಜೊತೆಗೇ ಇರುವ ಅವ್ವ, ಲಕ್ವಾ ಹೊಡೆಯಿತೆಂದು ಅಳುತ್ತ ಕೂತಿದ್ದಳು. ನಾನು ಮೊಬೈಲಿನಲ್ಲಿ ಓದಿಕೊಂಡಿದ್ದೆ. “ಪೂರಾ ಲಕ್ವಾ ಅಲ್ಲವ್ವಾ. ಕೈಯಾಗ ಇನ್ನೂ ಶಕ್ತಿ ಅದ. ಇದು ಮೂಲದಾಗ ಗ್ರೀಕ್ ಮಾತು, ಸಡಲ ಬಿಡೋದು ಅಂತ ಅರ್ಥ” ಎಂದೆ. ಅವ್ವನ ಅಳು ನಿಂತಿತು. ನನಗೆ ಒಳಗೊಳಗೇ ಹೆಮ್ಮೆ.

ಮರುದಿನ ನೋಡಲು ಬಂದ ಓಣಿಯ ಹೆಂಗಸರಿಗೆ ಅವ್ವ, “ಲಕ್ವಾ ಏನಲ್ರಿ, ಕೈ ಸಡಲ ಬಿಟ್ಟಾಳ ಅಷ್ಟೇ. ಮನಸ್ಸು ಮಾಡಿದ್ರ ಬರ್ತದ” ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಗಲೇ ತಿದ್ದಬಹುದಿತ್ತು, ಅವ್ವ ಸಮಾಧಾನದಿಂದಿದ್ದಾಳಲ್ಲ ಎಂದು ಸುಮ್ಮನಾದೆ.

ಸ್ವಲ್ಪ ದಿನಕ್ಕೇ ವೈನಿ ಒಲೆಯ ಮುಂದಿದ್ದರು. ಜೋಳದ ರೊಟ್ಟಿಗೆ ಎರಡೂ ಕೈ ಬೇಕು. ಬಲಗೈ ಬಡಿಯುವಾಗ ಎಡಗೈ ಅಂಚು ಕಾಯಬೇಕು. ಅವರ ರೊಟ್ಟಿ ಅಂಚೆಲ್ಲ ಸೀಳುತ್ತಿತ್ತು. ಅವ್ವ “ಬಿಗಿ ಹಿಡಿ” ಎನ್ನುತ್ತಿದ್ದಳು. ರಜೆಗೆ ಹೋದ ನಾನು ಆ ರೊಟ್ಟಿಯನ್ನೇ ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು ತಿಂದು, “ಕೈಗೂ ವ್ಯಾಯಾಮ ಆಗ್ತದ ಬಿಡ್ರಿ ವೈನಿ” ಎಂದು ಹೇಳಿ ಬಂದೆ. ನೆನೆದರೆ ನಾಚಿಕೆಯಾಗುತ್ತದೆ.

ಮೊನ್ನೆ ಆ ಎಡಗೈ ಕಾದ ಹಂಚಿನ ಮೇಲೆ ಬಿತ್ತು. ಎಳೆದುಕೊಳ್ಳುವಷ್ಟರಲ್ಲಿ ಅಂಗೈ ಸುಟ್ಟಿತ್ತು. ಸುದ್ದಿ ತಿಳಿದು ಓಡಿದೆ. ಅವ್ವನನ್ನು ಎದುರಿಗೆ ಕೂರಿಸಿಕೊಂಡು, ಸಡಿಲ ಬಿಟ್ಟವರು ವೈನಿಯಲ್ಲ, ಮಿದುಳಿನ ಅಪ್ಪಣೆಯೇ ಕೈಗೆ ಪೂರ್ತಿ ಮುಟ್ಟುತ್ತಿಲ್ಲ, ನಾನು ಹೇಳಿದ್ದೇ ಅರೆಬರೆ, ತಪ್ಪು ನನ್ನದು ಎಂದೆ. ಅವ್ವ ಸೆರಗು ಕಣ್ಣಿಗೊತ್ತಿಕೊಂಡಳು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಗೋಡೆಗೊರಗಿ ಕೂತಿದ್ದ ವೈನಿಗೆ ಮಾತ್ರ ನನ್ನ ಪಾಠ ನಾಟಲಿಲ್ಲ.

“ಅತ್ತಿಯವರಿಗೆ ಏನೂ ಅನಬ್ಯಾಡ್ರಿ ಮಾಸ್ತರ್ರೆ” ಎಂದರು. “ನಾನೇ ಲಕ್ಷ್ಯ ಕೊಡಲಿಲ್ಲ. ಇನ್ನಮ್ಯಾಲ ಬರೋಬ್ಬರಿ ಮಾಡ್ತೀನಿ, ನೀವು ಸಿಟ್ಟಾಗಬ್ಯಾಡ್ರಿ.”