ಬಾಷಣ್ಣ ಬಿಟ್ಟುಹೋದ ತಾಳ

ಅವ್ವನ ತಿಥಿಗೆ ದೊಡ್ಡ ಪಾತ್ರೆ ಬೇಕೆಂದು ಅಟ್ಟ ಹತ್ತಿದವನಿಗೆ ಸಿಕ್ಕಿದ್ದು ಒಂದು ಜೊತೆ ಕಂಚಿನ ತಾಳ. ದಾರ ನವೆದಿತ್ತು. ಎತ್ತಿಕೊಂಡರೆ ಠಣ್ ಎಂದಿತು. ಆಗಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಆರು ವರ್ಷದ ಹಿಂದೆ, ಅಪ್ಪನ ತಿಥಿಯ ಮಧ್ಯಾಹ್ನ, ಕಿಕ್ಕೇರಿಯ ನಮ್ಮ ಜಗಲಿಯ ಮೇಲೆ ಅಪ್ಪನ ಇಬ್ಬರು ಸ್ನೇಹಿತರು ತತ್ವಪದ ಹೇಳುತ್ತಿದ್ದರು. ಒಬ್ಬ ಹೊಣಕೆರೆಯ ನಿಂಗಯ್ಯ. ಅವನ ದನಿ ಏರಿದರೆ ಬೀದಿಯಲ್ಲಿ ಹೋಗುವವರೂ ನಿಲ್ಲುತ್ತಿದ್ದರು. ಇನ್ನೊಬ್ಬ ನಾಗಮಂಗಲದಲ್ಲಿ ಬಟ್ಟೆ ಹೊಲಿಯುವ ಬಾಷಣ್ಣ. ಅವನದು ಒಡಕು ದನಿ. ಎದುರಿಗೆ ಕೂತವನೊಡನೆ ಮಾತಾಡುವ ಹಾಗೆ ಪದ ಹೇಳುತ್ತಾ, ನಡುವೆ ಸಾಲು ನಿಲ್ಲಿಸಿ ಸುಮ್ಮನಾಗುತ್ತಿದ್ದ.

ನಮ್ಮ ಮನೆಯಲ್ಲಿ ತಿಥಿಯ ದಿನ ಪದ ಹೇಳಿದವರನ್ನು ಯಾರೂ ಹೊಗಳುವುದಿಲ್ಲ. ಪದ ಸತ್ತವರಿಗೆ, ಉಳಿದವರು ಕಿವಿಗೊಟ್ಟರೆ ಸಾಕು. ನಾನೋ ಮೇಷ್ಟ್ರು, ಮಾರ್ಕ್ಸ್ ಹಾಕದಿದ್ದರೆ ಉಂಡದ್ದು ಅರಗುವುದಿಲ್ಲ. ಕಲೆಗಾರಿಕೆ ಅಂದರೆ ನಿಂಗಯ್ಯನದು, ಬಾಷಣ್ಣನದು ಅದರ ಮುಂದೆ ಸಪ್ಪೆ ಎಂದು ಎಲ್ಲರೆದುರು ಅಂದುಬಿಟ್ಟೆ. ಅವ್ವ ದುರುಗುಟ್ಟಿ ನೋಡಿದಳು. ಬಾಷಣ್ಣ ಇನ್ನೊಂದು ಪದ ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿ ಎದ್ದುಹೋದ. ತಾಳ ಜಗಲಿಯ ಮೇಲೇ ಉಳಿಯಿತು. ಸೋತವನ ಕೋಪ ಎಂದುಕೊಂಡೆ. ಅವನು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಅವ್ವ ಕೊನೆಗಾಲದಲ್ಲಿ ಕೇಳಿದ್ದು ಒಂದೇ: ತನ್ನ ತಿಥಿಗೆ ಇಬ್ಬರೂ ಒಟ್ಟಿಗೆ ಪದ ಹೇಳಬೇಕು. ನಿಂಗಯ್ಯ ಒಪ್ಪಿದ್ದ. ಇವತ್ತು ಬೆಳಿಗ್ಗೆ ತಾಳವನ್ನು ಟವೆಲಿನಲ್ಲಿ ಸುತ್ತಿಕೊಂಡು ನಾಗಮಂಗಲಕ್ಕೆ ಹೋದೆ. ದಾರಿಯುದ್ದಕ್ಕೂ ಜೋಡಿಸಿಟ್ಟ ಕ್ಷಮೆಯ ಮಾತನ್ನು ಅವನ ಹೊಲಿಗೆ ಮಿಷನ್ನಿನ ಮುಂದೆ ನಿಂತು ಹೇಳಿದೆ.

"ಕ್ವಾಪಕ್ಕೆ ಎದ್ದೋಗ್ಲಿಲ್ಲ ಮೇಷ್ಟ್ರೆ," ಎಂದ ಬಾಷಣ್ಣ, ತುಳಿಯುವುದನ್ನು ನಿಲ್ಲಿಸಿ. "ನೀವು ಅಂಗಂದ್ಮೇಲೆ ನಿಂಗಯ್ಯನ್ಗಿಂತ ಚೆಂದಾಗಿ ಪದ ಏಳ್ಬೇಕು ಅನ್ನಿಸ್ಬುಡ್ತು. ನಿಮ್ಮಪ್ಪ, ನನ್ನ ದೋಸ್ತು, ನಂಗೆ ಮರ್ತೇ ಓದ್ರು. ಅಂಗೆ ಏಳ್ಬಾರ್ದು. ಅದ್ಕೇ ಎದ್ದೋದೆ."

ಆರು ವರ್ಷ ತಡವಾಗಿ ನನಗೆ ನಾಚಿಕೆಯಾಯಿತು. ತಾಳ ಮುಂದಿಟ್ಟು, ನಾಳಿನ ತಿಥಿಗೆ ಅವ್ವ ಕೇಳಿದ್ದನ್ನು ಹೇಳಿದೆ. ಅವನು ಹೊಲಿಗೆ ದಾರವನ್ನು ನಾಲ್ಕೆಳೆ ಹೊಸೆದು ಕಟ್ಟಿ, ನನ್ನ ಕೈಗೇ ವಾಪಸು ಕೊಟ್ಟ.

"ನಾಳೀಕೆ ಬತ್ತೀನಿ. ತಾಳ ನೀವೇ ಆಕಿ. ತಾಳ ಆಕೋನ್ಗೆ ಮಾರ್ಕ್ಸ್ ಆಕಕ್ಕೆ ಪುರ್ಸೊತ್ತಿರಕಿಲ್ಲ."

ಈಗ ಅವ್ವನ ಫೋಟೋದ ಮುಂದೆ ಕೂತು ಅಭ್ಯಾಸ ಮಾಡುತ್ತಿದ್ದೇನೆ. ನಾಲ್ಕನೇ ಪೆಟ್ಟು ಪ್ರತಿ ಸಲ ತಪ್ಪುತ್ತಿದೆ. ನಾಳೆ ನೀವೂ ಬನ್ನಿ. ಯಾರು ಹೇಗೆ ಹೇಳಿದರು ಎಂದು ಮಾತ್ರ ನನ್ನನ್ನು ಕೇಳಬೇಡಿ.